ಅಡಿಕೆ ಧಾರಣೆಯ ಇಪ್ಪತ್ತು ವರ್ಷದ ಲೆಕ್ಕ ಗ್ರಂಥಾಲಯದಲ್ಲಿ ಎಲ್ಲಿದೆ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವಾಣಿಜ್ಯ ವಿಭಾಗದಲ್ಲಿ ಪಿಎಚ್‌.ಡಿ.ಗೆ ಸೇರಿ ಆರು ತಿಂಗಳಾಯಿತು. ಶಿವಮೊಗ್ಗ ಜಿಲ್ಲೆಯಲ್ಲಿ 20 ವರ್ಷಗಳ ಅಡಿಕೆ ಧಾರಣೆಯ ಏರಿಳಿತ ಮತ್ತು ಮಾರಾಟ ಸಹಕಾರ ಸಂಘಗಳ ಪಾತ್ರ ನನ್ನ ವಿಷಯ. ‘ಮೊದಲು ಸೆಕೆಂಡರಿ ಡೇಟಾ ಒಟ್ಟು ಮಾಡು’ ಅಂತ ಮಾರ್ಗದರ್ಶಕರು ಹೇಳಿದ್ದಾರೆ. ಗೂಗಲ್ ಮಾಡಿದರೆ ಪತ್ರಿಕೆ ಸುದ್ದಿ ಬಿಟ್ಟು ಬೇರೇನೂ ಸಿಗುತ್ತಿಲ್ಲ. ಗ್ರಂಥಾಲಯದ ಇ-ಸಂಪನ್ಮೂಲಗಳ ಪಟ್ಟಿಯಲ್ಲಿ ಹತ್ತಾರು ಹೆಸರುಗಳಿವೆ, ನನಗೆ ಬೇಕಾದದ್ದು ಯಾವುದು ಅಂತ ತಿಳಿಯುತ್ತಿಲ್ಲ. ಪ್ರೋವೆಸ್ ಡೇಟಾಬೇಸ್ ಇಲ್ಲದೆ ವಾಣಿಜ್ಯದ ಸಂಶೋಧನೆ ಆಗುವುದೇ ಇಲ್ಲ ಅನ್ನುತ್ತಾರೆ ಜೊತೆಯವರು. ಊರಿನಲ್ಲಿ ನೆಟ್‌ವರ್ಕ್ ಬೇರೆ ಸರಿಯಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಜೊತೆಯವರ ಮಾತನ್ನು ಮೊದಲು ಪಕ್ಕಕ್ಕಿಡಿ. ಪ್ರೋವೆಸ್ ಅನ್ನುವುದು ಮುಂಬೈಯ ಸಿಎಂಐಇ ಸಂಸ್ಥೆ ಕಂಪನಿಗಳ ಲೆಕ್ಕಪತ್ರಗಳನ್ನು ಜೋಡಿಸಿಟ್ಟಿರುವ ಡೇಟಾಬೇಸ್. ನಿಮ್ಮ ವಿಷಯದಲ್ಲಿರುವುದು ಕಂಪನಿಗಳಲ್ಲ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾದ ಸಂಘಗಳು. ಅವು ಪ್ರೋವೆಸ್‌ನಲ್ಲಿ ಇರುವುದಿಲ್ಲ, ಕಂಪನಿ ವ್ಯವಹಾರ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲೂ ಇರುವುದಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮೇಲೆ ಕೆಲಸ ಮಾಡುವವರಾಗಿದ್ದರೆ ಮಾತು ಬೇರೆ. ಆಗಲೂ ಪ್ರೋವೆಸ್‌ಗಿಂತ ಮೊದಲು ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ವಾರ್ಷಿಕ ವರದಿಯ ವಿಭಾಗವಾರು ಫಲಿತಾಂಶದ ಪುಟ ತೆರೆಯಬೇಕು. ವಿಐಎಸ್‌ಎಲ್ ಎಂಬ ಹೆಸರಿನ ಆ ಕಾರ್ಖಾನೆ 1998ರಲ್ಲಿ ಅದರೊಳಗೆ ವಿಲೀನವಾದ್ದರಿಂದ ಅದರ ಲಾಭ-ನಷ್ಟ ಸಿಗುವುದು ಅಲ್ಲಿ.

ಡೇಟಾಬೇಸ್‌ಗಳ ಹೆಸರಿನಿಂದ ಶುರು ಮಾಡಿದವರೆಲ್ಲ ಹೀಗೇ ದಾರಿ ತಪ್ಪುವುದು. ಬೇಕಾದ ಪ್ರತಿಯೊಂದು ಅಂಕಿಯ ಮುಂದೆಯೂ ಒಂದು ಪ್ರಶ್ನೆ ಬರೆದುಕೊಳ್ಳಿ: ಇದನ್ನು ಎಣಿಸುವ ಅಗತ್ಯ ಯಾರಿಗಿತ್ತು? ಮಂಡಿಯ ಧಾರಣೆಯನ್ನು ಬರೆದಿಡುವ ಅಗತ್ಯ ಎಪಿಎಂಸಿಗಿತ್ತು, ಏಕೆಂದರೆ ಅದರ ಶುಲ್ಕ ನಿಂತಿರುವುದು ವ್ಯಾಪಾರದ ಮೌಲ್ಯದ ಮೇಲೆ. ತೋಟದ ವಿಸ್ತೀರ್ಣ ತೋಟಗಾರಿಕೆ ಇಲಾಖೆಗೆ ಬೇಕು, ಆಮದಿನ ಲೆಕ್ಕ ಸುಂಕದವರಿಗೆ ಬೇಕು, ಸಂಘದ ದಲಾಲಿ ಲೆಕ್ಕ ಸಹಕಾರ ಇಲಾಖೆಯ ಲೆಕ್ಕಪರಿಶೋಧಕರಿಗೆ ಬೇಕು. ಎಣಿಸಿದವರು ಗೊತ್ತಾದರೆ ಅವರು ಏನನ್ನು ಎಣಿಸದೆ ಬಿಟ್ಟಿರುತ್ತಾರೆ ಎಂಬುದೂ ಅಂದಾಜಾಗುತ್ತದೆ. ಶುಲ್ಕ ಕಟ್ಟದೆ ಯಾರ್ಡಿನ ಹೊರಗೆ ಹೋದ ಅಡಿಕೆ ಎಪಿಎಂಸಿ ಪುಸ್ತಕದಲ್ಲಿ ಯಾಕೆ ಬರಬೇಕು?

ಹುಡುಕುವ ಮುಂಚೆ ಪದಗಳನ್ನು ಸರಿಮಾಡಿಕೊಳ್ಳಿ. ಗೂಗಲ್‌ನಲ್ಲಿ ಸುದ್ದಿ ಮಾತ್ರ ಸಿಗುತ್ತಿರುವುದಕ್ಕೆ ಅರ್ಧ ಕಾರಣ ಇದೇ. ಅಡಿಕೆಗೆ ಇಂಗ್ಲಿಷ್ ದಾಖಲೆಗಳಲ್ಲಿ ಒಂದೇ ಹೆಸರಿಲ್ಲ. ಅರೆಕಾನಟ್ ಎಂದು ಕೂಡಿಸಿ ಬರೆದವರಿದ್ದಾರೆ, ಅರೆಕಾ ನಟ್ ಎಂದು ಬಿಡಿಸಿ ಬರೆದವರಿದ್ದಾರೆ. ಹಳೆಯ ವರದಿ ಮತ್ತು ಸುಂಕದ ಪಟ್ಟಿಗಳಲ್ಲಿ ಬೀಟಲ್‌ನಟ್, ವ್ಯಾಪಾರದವರ ಬಾಯಲ್ಲಿ ಸುಪಾರಿ, ಸಸ್ಯಶಾಸ್ತ್ರದವರಿಗೆ ಅರೆಕಾ ಕಟೆಚು. ಊರಿನ ಹೆಸರಿಗೂ ಇದೇ ಪಾಡು. 2014ರ ನವೆಂಬರ್ 1ರಂದು ಅಧಿಕೃತವಾಗಿ ಶಿವಮೊಗ್ಗ ಆಗುವವರೆಗೆ ಇಂಗ್ಲಿಷ್ ದಾಖಲೆಗಳಲ್ಲೆಲ್ಲ ಇದು ಶಿಮೊಗ. ನಿಮ್ಮ 20 ವರ್ಷದ ನಟ್ಟನಡುವೆಯೇ ಹೆಸರು ಬದಲಾಗಿದೆ, ಒಂದೇ ಹೆಸರಿನಲ್ಲಿ ಹುಡುಕಿದರೆ ಅರ್ಧ ಕಾಲ ಕಾಣೆಯಾಗುತ್ತದೆ. 1973ಕ್ಕಿಂತ ಹಿಂದಿನದು ಬೇಕಿದ್ದರೆ ಕರ್ನಾಟಕದ ಬದಲು ಮೈಸೂರು ಎಂದು ಹಾಕಬೇಕು. ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ, ಬೆಳೆಯ ಹೆಸರುಗಳನ್ನೆಲ್ಲ ಒಂದು ಕಡೆ, ಸ್ಥಳದ ಹೆಸರುಗಳನ್ನೆಲ್ಲ ಇನ್ನೊಂದು ಕಡೆ ಬರೆಯಿರಿ. ಹುಡುಕುವಾಗ ಒಂದು ಕಾಲಂನೊಳಗಿನ ಹೆಸರುಗಳ ನಡುವೆ ‘ಆರ್’, ಕಾಲಂಗಳ ನಡುವೆ ‘ಆಂಡ್’. ಎರಡು ಪದಗಳ ಹೆಸರಿಗೆ ಉದ್ಧರಣ ಚಿಹ್ನೆ ಮರೆಯಬೇಡಿ.

ಜಿಲ್ಲೆಯ ಗಡಿಯನ್ನೂ ಒಮ್ಮೆ ನೋಡಿಕೊಳ್ಳಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದ ಆಚೆ ಹೋದವು. ಚನ್ನಗಿರಿ ಎಂದರೆ ಅಡಿಕೆಯ ಸೀಮೆ. ನಿಮ್ಮ 20 ವರ್ಷಕ್ಕೆ ಇದು ನೇರವಾಗಿ ತಾಗುವುದಿಲ್ಲ. ಆದರೆ 1980ರ ದಶಕದ ಯಾವುದೋ ಪ್ರಬಂಧ ಹಿಡಿದು ‘ಆಗಿನ ಶಿವಮೊಗ್ಗ ಜಿಲ್ಲೆಯ ವಿಸ್ತೀರ್ಣಕ್ಕೆ ಹೋಲಿಸಿದರೆ’ ಎಂದು ಒಂದು ವಾಕ್ಯ ಬರೆದಿರೋ, ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿರಿ. ಹೋಲಿಸಲೇಬೇಕಾದರೆ ಜಿಲ್ಲೆಯ ಮೊತ್ತ ಬಿಟ್ಟು ತಾಲ್ಲೂಕುವಾರು ಅಂಕಿ ಹಿಡಿಯಿರಿ. ಈಗಿರುವ ಏಳು ತಾಲ್ಲೂಕುಗಳನ್ನು ಹಳೆಯ ಪಟ್ಟಿಯಿಂದ ಹೆಕ್ಕಿ ಕೂಡಿಸಬಹುದು.

ಇನ್ನು ಧಾರಣೆ. ನಿಮ್ಮ ಪ್ರಬಂಧದ ಬೆನ್ನೆಲುಬು ಇದೇ ಆದ್ದರಿಂದ ಹೆಚ್ಚು ಹೊತ್ತು ಇಲ್ಲೇ ಕಳೆಯಬೇಕಾಗುತ್ತದೆ. ದುಡ್ಡು ಕೊಡದೆ ಸಿಗುವ ಮೂಲಗಳು ಎರಡು. ಒಂದು ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್, ಇನ್ನೊಂದು ರಾಜ್ಯ ಕೃಷಿ ಮಾರಾಟ ಇಲಾಖೆಯ ಕೃಷಿ ಮಾರಾಟ ವಾಹಿನಿ. ಮಾರುಕಟ್ಟೆ, ಸರಕು, ತಳಿ, ದಿನಾಂಕ ಆರಿಸಿದರೆ ಆವಕ, ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಮಾಡಲ್ ಬೆಲೆ ಬರುತ್ತವೆ. ಅಗ್‌ಮಾರ್ಕ್‌ನೆಟ್‌ನಲ್ಲಿ ಆವಕ ಟನ್ನಿನಲ್ಲಿ, ಬೆಲೆ ಕ್ವಿಂಟಾಲಿಗೆ. ಈ ಎರಡು ಅಳತೆ ಗಮನಿಸದೆ ಗುಣಿಸಿ ವಹಿವಾಟಿನ ಮೌಲ್ಯ ಹತ್ತರಲ್ಲೊಂದು ಪಾಲಾಗಿ ಬಂದಿರುವ ಕೋಷ್ಟಕಗಳು ಅಪರೂಪವೇನಲ್ಲ.

ಮಾಡಲ್ ಬೆಲೆ ಅಂದರೆ ಸರಾಸರಿ ಅಲ್ಲ. ಆ ದಿನ ಹೆಚ್ಚು ಮಾಲು ಯಾವ ಬೆಲೆಗೆ ಹೋಯಿತೋ ಆ ಬೆಲೆ. ಗರಿಷ್ಠ ಬೆಲೆಯ ಮೇಲೆ ಕಟ್ಟಿದ ಲೆಕ್ಕ ಒಂದೆರಡು ಚೀಲದ ಲೆಕ್ಕವಾಗಿರುತ್ತದೆ. ಪತ್ರಿಕೆ ಸುದ್ದಿಗಳಲ್ಲಿ ‘ಅಡಿಕೆಗೆ ದಾಖಲೆ ಬೆಲೆ’ ಅಂತ ಬರುವುದು ಸಾಮಾನ್ಯವಾಗಿ ಇದೇ ಅಂಕಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಆಗುವುದು ತಳಿಯ ಕಾಲಂನಲ್ಲಿ. ಶಿವಮೊಗ್ಗ ಮಂಡಿಯ ಪಟ್ಟಿಯಲ್ಲಿ ‘ಸರಕು’, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ದರ್ಜೆಗಳಿಗೆ ಬೇರೆ ಬೇರೆ ಸಾಲುಗಳಿರುತ್ತವೆ. ಸರಕಿನ ಬೆಲೆಗೂ ಗೊರಬಲಿನ ಬೆಲೆಗೂ ಅಜಗಜಾಂತರ ಎನ್ನುವುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಆದರೂ ಡೌನ್‌ಲೋಡ್ ಮಾಡಿದ ಹಾಳೆಯಲ್ಲಿ ‘ಎಲ್ಲ ತಳಿ’ ಎಂದು ಬಿಟ್ಟು ಸರಾಸರಿ ತೆಗೆಯುತ್ತಾರೆ. ಕೊಯ್ಲಿನ ಕೊನೆಗೆ ಹಣ್ಣಾದ ಅಡಿಕೆಯ ಗೊರಬಲು ಹೆಚ್ಚು ಬಂದ ತಿಂಗಳಲ್ಲಿ ಆ ಸರಾಸರಿ ಬೀಳುತ್ತದೆ. ಧಾರಣೆ ಬಿದ್ದಿರುವುದಿಲ್ಲ, ಮಾಲಿನ ಮಿಶ್ರಣ ಬದಲಾಗಿರುತ್ತದೆ ಅಷ್ಟೆ. ಸಾಗರಕ್ಕೆ ಹೋದರೆ ಪಟ್ಟಿಯೇ ಬೇರೆ: ಚಾಲಿ, ಬಿಳೆಗೋಟು, ಕೆಂಪುಗೋಟು, ಸಿಪ್ಪೆಗೋಟು, ಕೋಕಾ, ಜೊತೆಗೆ ರಾಶಿ. ಒಂದೇ ಜಿಲ್ಲೆ ಅಂತ ಶಿವಮೊಗ್ಗದ ಬೆಟ್ಟೆಯನ್ನೂ ಸಾಗರದ ಚಾಲಿಯನ್ನೂ ಕೂಡಿಸಿ ಭಾಗಿಸಿದರೆ ಆ ಅಂಕಿ ಯಾವ ಮಂಡಿಯಲ್ಲೂ ನಡೆಯದ ಬೆಲೆ. ಎರಡೂ ಕಡೆ ಸಿಗುವ ರಾಶಿಯನ್ನು ಮುಖ್ಯ ಸರಣಿಯಾಗಿ ಇಟ್ಟುಕೊಳ್ಳಿ, ಉಳಿದವನ್ನು ಪ್ರತ್ಯೇಕ ಹಾಳೆಗಳಲ್ಲಿ ಇಡಿ.

ದಿನದ ಬೆಲೆಯಿಂದ ತಿಂಗಳ ಬೆಲೆ ತೆಗೆಯುವಾಗ ಆವಕದ ತೂಕ ಕೊಟ್ಟು ತೆಗೆಯಿರಿ. ಉದಾಹರಣೆಗೆ ಎರಡೇ ದಿನ ಹಿಡಿಯೋಣ. ಮೊದಲ ದಿನ 30 ಟನ್ ಆವಕ, ಮಾಡಲ್ ಬೆಲೆ 45,000. ಎರಡನೇ ದಿನ 10 ಟನ್, ಬೆಲೆ 49,000. ಸುಮ್ಮನೆ ಕೂಡಿಸಿ ಎರಡರಿಂದ ಭಾಗಿಸಿದರೆ 47,000. ಆವಕದಿಂದ ಗುಣಿಸಿ, ಕೂಡಿಸಿ, ಒಟ್ಟು ಆವಕ 40ರಿಂದ ಭಾಗಿಸಿದರೆ 46,000. ಬೆಳೆಗಾರರ ಕೈಗೆ ಹತ್ತಿರದ ಲೆಕ್ಕ ಎರಡನೆಯದು. ಎಕ್ಸೆಲ್‌ನಲ್ಲಿ ಸಮ್‌ಪ್ರಾಡಕ್ಟ್ ಸೂತ್ರ ಇದನ್ನು ಒಂದೇ ಸಾಲಿನಲ್ಲಿ ಮಾಡಿಕೊಡುತ್ತದೆ.

ಲೆಕ್ಕಕ್ಕೆ ಇಳಿಯುವ ಮುಂಚೆ ಹಾಳೆ ಶುಚಿ ಮಾಡಬೇಕು. ಮಾಡಲ್ ಬೆಲೆ ಕನಿಷ್ಠಕ್ಕಿಂತ ಕಡಿಮೆ ಅಥವಾ ಗರಿಷ್ಠಕ್ಕಿಂತ ಹೆಚ್ಚಿದ್ದರೆ ಅದು ನಮೂದಿಸುವವರ ಕೈತಪ್ಪು. ಸೊನ್ನೆ ಬಿಟ್ಟುಹೋಗಿ 46,000 ಇದ್ದದ್ದು 4,600 ಆಗಿರುತ್ತದೆ. ಹಿಂದಿನ ದಿನದ ಬೆಲೆಗಿಂತ ಶೇ 30ಕ್ಕೂ ಹೆಚ್ಚು ಜಿಗಿದ ಸಾಲುಗಳಿಗೆಲ್ಲ ಬಣ್ಣ ಹಚ್ಚಿ ಒಂದೊಂದಾಗಿ ನೋಡಿ. ಹಾಗೆಂದು ಕಂಡದ್ದನ್ನೆಲ್ಲ ಅಳಿಸಬೇಡಿ. ಆ ದಿನದ ಪತ್ರಿಕೆಯ ‘ಅಡಿಕೆ ಧಾರಣೆ’ ಅಂಕಣದ ಜೊತೆ ತಾಳೆ ನೋಡಿ ತಿದ್ದಿ. ಗ್ರಂಥಾಲಯದಲ್ಲಿ ದಿನಪತ್ರಿಕೆಗಳ ಬೈಂಡ್ ಮಾಡಿದ ಸಂಪುಟಗಳು ಉಪಯೋಗಕ್ಕೆ ಬರುವುದು ಇಲ್ಲಿ. ಯಾರೂ ಮುಟ್ಟದ ಆ ಕಪಾಟು ಇಡೀ ಗ್ರಂಥಾಲಯದಲ್ಲೇ ನಿಮ್ಮ ವಿಷಯಕ್ಕೆ ಹೆಚ್ಚು ಬೆಲೆಬಾಳುವಂಥದು. ಖಾಲಿ ಇರುವ ದಿನಕ್ಕೆ ಸೊನ್ನೆ ತುಂಬಬೇಡಿ. ರಜೆ, ಮಳೆಗಾಲದ ಕಡಿಮೆ ಆವಕ, 2020ರ ಲಾಕ್‌ಡೌನ್, ಇಲ್ಲವೇ ಮಂಡಿಯವರು ಮಾಹಿತಿ ಕಳಿಸದಿರುವುದು, ಇವೆಲ್ಲ ಖಾಲಿಯಾಗಿಯೇ ಕಾಣುತ್ತವೆ. ಖಾಲಿ ಖಾಲಿಯಾಗಿಯೇ ಇರಲಿ, ಪಕ್ಕದ ಕಾಲಂನಲ್ಲಿ ಕಾರಣ ಬರೆಯಿರಿ.

ಸರಣಿಯ ನಡುವೆ ನಿಯಮಗಳೂ ಬದಲಾಗಿವೆ. 2014ರಿಂದ ರಾಜ್ಯದ ಮಂಡಿಗಳು ಒಂದೊಂದಾಗಿ ಏಕೀಕೃತ ಆನ್‌ಲೈನ್ ವೇದಿಕೆಗೆ ಬಂದವು. 2016ರ ನವೆಂಬರಿನಲ್ಲಿ ನೋಟು ರದ್ದಾಯಿತು, 2017ರ ಜುಲೈ 1ರಿಂದ ಜಿಎಸ್‌ಟಿ. 2020ರಲ್ಲಿ ಎಪಿಎಂಸಿ ಕಾಯ್ದೆ ತಿದ್ದುಪಡಿಯಾಗಿ ಯಾರ್ಡಿನ ಹೊರಗೂ ವ್ಯಾಪಾರಕ್ಕೆ ದಾರಿಯಾಯಿತು. ಹಾಗಾಗಿ 2019ರ ಆವಕ ಮತ್ತು 2021ರ ಆವಕ ಒಂದೇ ವಸ್ತುವಿನ ಎಣಿಕೆಯಲ್ಲ. ಆವಕ ಇಳಿದಿದ್ದರೆ ಬೆಳೆ ಇಳಿದಿದೆ ಎಂದು ಬರೆಯುವ ಮುಂಚೆ ಎರಡು ಸಲ ಯೋಚಿಸಿ.

ಇಪ್ಪತ್ತು ವರ್ಷದ ಬೆಲೆಯನ್ನು ಹಣದುಬ್ಬರ ಕಳೆಯದೆ ಹೋಲಿಸುವ ಹಾಗಿಲ್ಲ. ಯಾವ ಸೂಚ್ಯಂಕ ಅನ್ನುವಲ್ಲಿ ಎಲ್ಲರೂ ಸಗಟು ಬೆಲೆ ಸೂಚ್ಯಂಕಕ್ಕೆ ಹೋಗುತ್ತಾರೆ. ಅದರ ಮೂಲ ವರ್ಷ 2004-05ರಿಂದ 2011-12ಕ್ಕೆ ಬದಲಾಗಿದೆ, ಎರಡನ್ನೂ ಹಾಗೇ ಅಂಟಿಸಿದರೆ ಸೂಚ್ಯಂಕ ಒಂದೇ ತಿಂಗಳಲ್ಲಿ ಕುಸಿದಂತೆ ಕಾಣುತ್ತದೆ. ಎಲ್ಲ ಸರಕುಗಳ ಸೂಚ್ಯಂಕಕ್ಕೆ ಜೋಡಣಾ ಗುಣಕ 1.561. ಹೊಸ ಸರಣಿಯಲ್ಲಿ 150 ಇದ್ದರೆ ಹಳೆಯ ಮೂಲದಲ್ಲಿ 150 × 1.561, ಅಂದರೆ 234.15. ಇದಕ್ಕಿಂತ ಸುಲಭದ ದಾರಿ ಕಾರ್ಮಿಕ ಬ್ಯೂರೋದ ಕೃಷಿ ಕಾರ್ಮಿಕರ ಮತ್ತು ಗ್ರಾಮೀಣ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. 1986-87ರ ಮೂಲದಲ್ಲೇ 2025ರ ಮಧ್ಯದವರೆಗೂ ಮುರಿಯದೆ ಬಂದಿದೆ, ಕರ್ನಾಟಕಕ್ಕೆ ಪ್ರತ್ಯೇಕ ಅಂಕಿಯಿದೆ. ಕೂಲಿಕಾರರ ಮನೆ ಖರ್ಚೂ ಅಡಿಕೆ ಬೆಳೆಗಾರರ ಮನೆ ಖರ್ಚೂ ಒಂದೇ ಅಲ್ಲ, ನಿಜ. ಆದರೆ ಕೊಯ್ಲು, ಸುಲಿತ, ಮದ್ದು ಹೊಡೆಯುವುದು ಎಲ್ಲ ಕೂಲಿಯ ಮೇಲೇ ನಿಂತಿರುವ ಬೆಳೆಗೆ ಇದು ಅಷ್ಟು ಅಸಂಗತವೂ ಅಲ್ಲ. ಎರಡರಲ್ಲೂ ಮಾಡಿ ನೋಡಿ, ಫಲಿತಾಂಶ ಒಂದೇ ದಿಕ್ಕಿನಲ್ಲಿದ್ದರೆ ನಿಶ್ಚಿಂತೆ. ಈ ಸರಣಿಗಳಲ್ಲಿ ಬಹುಪಾಲು ರಿಸರ್ವ್ ಬ್ಯಾಂಕಿನ ಉಚಿತ ಡೇಟಾ ಪೋರ್ಟಲ್‌ನಲ್ಲೂ ಸಿಗುತ್ತವೆ. ನಿಮ್ಮ ಗ್ರಂಥಾಲಯಕ್ಕೆ ಇಪಿಡಬ್ಲ್ಯು ರಿಸರ್ಚ್ ಫೌಂಡೇಷನ್ನಿನ ಟೈಮ್ ಸೀರೀಸ್ ಚಂದಾ ಇದೆಯೇ ಎಂದೂ ಕೇಳಿ. ಇದ್ದರೆ ಜೋಡಿಸುವ ಕೆಲಸ ಎಷ್ಟೋ ಉಳಿಯುತ್ತದೆ.

ಏರಿಳಿತದ ಅಳತೆಗೆ ಬರೀ ವಿಚಲನ ಗುಣಾಂಕ (ಬೆಲೆಗಳು ಸರಾಸರಿಯಿಂದ ಶೇಕಡಾ ಎಷ್ಟು ಚದುರಿವೆ ಎನ್ನುವ ಅಂಕಿ) ಸಾಲದು. ಬೆಲೆ ಒಂದೇ ಸಮನೆ ಏರುತ್ತ ಹೋದರೂ ಆ ಗುಣಾಂಕ ದೊಡ್ಡದೇ ಬರುತ್ತದೆ. ಕಡ್ಡಿ–ಡೆಲ್ಲಾ ವಲ್ಲೆ ಸೂಚ್ಯಂಕ ಬಳಸಿ: 1ರಲ್ಲಿ ‘ಹೊಂದಿಸಿದ ಆರ್-ವರ್ಗ’ವನ್ನು (ಬೆಲೆಗಳು ಪ್ರವೃತ್ತಿ ರೇಖೆಗೆ ಎಷ್ಟು ಒಗ್ಗುತ್ತವೆ ಎನ್ನುವ ಅಳತೆ) ಕಳೆದು, ಉಳಿದದ್ದರ ವರ್ಗಮೂಲದಿಂದ ವಿಚಲನ ಗುಣಾಂಕವನ್ನು ಗುಣಿಸಬೇಕು. ಗುಣಾಂಕ 40, ಆರ್-ವರ್ಗ 0.75 ಆದರೆ ಉತ್ತರ 20.

ವಿಸ್ತೀರ್ಣ ಮತ್ತು ಇಳುವರಿಗೆ ತೋಟಗಾರಿಕೆ ಇಲಾಖೆಯ ಅಂಕಿ-ಅಂಶ, ರಾಜ್ಯ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ‘ಜಿಲ್ಲಾ ಅಂಕಿ-ಅಂಶಗಳ ನೋಟ’, ಕೋಯಿಕ್ಕೋಡಿನ ಅಡಿಕೆ ಮತ್ತು ಸಂಬಾರ ಅಭಿವೃದ್ಧಿ ನಿರ್ದೇಶನಾಲಯ, ಇಷ್ಟು ಸಾಕು. ಇಲ್ಲಿ ನೋಡಬೇಕಾದ್ದು ಒಂದೇ: ಉತ್ಪಾದನೆ ಹಸಿ ಅಡಿಕೆಯ ಲೆಕ್ಕವೋ ಒಣ ಅಡಿಕೆಯ ಲೆಕ್ಕವೋ. ಕೋಷ್ಟಕದ ಅಡಿಟಿಪ್ಪಣಿ ಓದದೆ ಎರಡು ಮೂಲಗಳನ್ನು ಬೆರೆಸಿದರೆ ಇಳುವರಿ ಹಲವು ಪಟ್ಟು ಏರುಪೇರಾಗುತ್ತದೆ.

ಆಮದಿನ ಲೆಕ್ಕ ವಾಣಿಜ್ಯ ಇಲಾಖೆಯ ಆಮದು-ರಫ್ತು ಡೇಟಾ ಬ್ಯಾಂಕಿನಲ್ಲಿ ಎಚ್‌ಎಸ್ ಸಂಕೇತದ, ಅಂದರೆ ಪ್ರತಿ ಸರಕಿಗೂ ಅಂತರರಾಷ್ಟ್ರೀಯವಾಗಿ ಕೊಟ್ಟಿರುವ ಸಂಖ್ಯೆಯ, ಪ್ರಕಾರ ಸಿಗುತ್ತದೆ. ಅಡಿಕೆಯ ಸಂಕೇತ 080280. ಆದರೆ ಈ ಸಂಕೇತ ಹುಟ್ಟಿದ್ದೇ 2012ರ ಪರಿಷ್ಕರಣೆಯಲ್ಲಿ. ಅದಕ್ಕೆ ಮುಂಚೆ ಅಡಿಕೆ 080290ರ ‘ಇತರೆ’ ಗುಂಪಿನೊಳಗೆ ಇತ್ತು. 080280 ಒಂದನ್ನೇ ಹಾಕಿ 2006ರಿಂದ ಕೇಳಿದರೆ ಮೊದಲ ವರ್ಷಗಳು ಖಾಲಿ ಬರುತ್ತವೆ, ಅದನ್ನು ನೋಡಿ ಆಗ ಆಮದೇ ಇರಲಿಲ್ಲ ಎಂದುಕೊಳ್ಳಬಾರದು. ಸುಪಾರಿ ಎಂದು ತಯಾರಾಗಿ ಬರುವ ಮಾಲಿಗೆ 21069030 ಎಂಬ ಬೇರೆಯೇ ಸಂಕೇತವಿದೆ. ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಈ ದಿನಾಂಕಕ್ಕೆ ನಿಮ್ಮ ಬೆಲೆ ಸರಣಿಯಲ್ಲಿ ಒಂದು ಗೆರೆ ಎಳೆದಿಡಿ.

ಸಂಘಗಳ ಲೆಕ್ಕ ಯಾವ ಡೇಟಾಬೇಸ್‌ನಲ್ಲೂ ಇಲ್ಲ. ಅದಿರುವುದು ವರ್ಷಕ್ಕೊಮ್ಮೆ ಮಹಾಸಭೆಗೆ ಮುಂಚೆ ಸದಸ್ಯರ ಮನೆಗೆ ಬರುವ, ಓದಿ ಮುಗಿಸಿ ಅಟ್ಟಕ್ಕೆಸೆದ ಆ ಕನ್ನಡ ಪುಸ್ತಿಕೆಯಲ್ಲಿ. ಮಲೆನಾಡಿನ ಅಡಿಕೆ ಮಾರಾಟ ಸಹಕಾರ ಸಂಘವಾದ ಮಾಮ್‌ಕೋಸ್ ಆಗಲಿ, ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘವಾಗಲಿ, ವಾರ್ಷಿಕ ವರದಿ ಅಚ್ಚು ಹಾಕಿಸುತ್ತವೆ. ಹಳೆಯ ವರ್ಷಗಳ ಪ್ರತಿ ಸಂಘದ ಕಚೇರಿಯಲ್ಲಿ ಸಿಗದಿದ್ದರೆ ಹಳೆಯ ಸದಸ್ಯರ ಮನೆಗಳಲ್ಲಿ ಕೇಳಿ, ಸಿಕ್ಕಿದ್ದನ್ನು ಸ್ಕ್ಯಾನ್ ಮಾಡಿಸಿ. ಅಡಿಕೆ ಕೊಳ್ಳುವ ಮಂಗಳೂರಿನ ಕ್ಯಾಂಪ್ಕೊ ಮಾತ್ರ ಬಹುರಾಜ್ಯ ಸಹಕಾರ ಸಂಘ. ಅದು 2002ರ ಕೇಂದ್ರ ಕಾಯ್ದೆಯಡಿ ಬರುವುದರಿಂದ ರಾಜ್ಯದ ಸಹಕಾರ ಇಲಾಖೆಯ ಪಟ್ಟಿಯಲ್ಲಿ ಹುಡುಕಬೇಡಿ.

ಪುಸ್ತಿಕೆ ಸಿಕ್ಕ ಮೇಲೆ ಓದುವುದರಲ್ಲೂ ಎಡವಟ್ಟಾಗುತ್ತದೆ. ಮೊದಲ ಪುಟದಲ್ಲಿ ಅಧ್ಯಕ್ಷರ ಮಾತಿನಲ್ಲಿ ಬರುವ ‘ಒಟ್ಟು ವಹಿವಾಟು’ ಸಂಘದ ಆದಾಯವಲ್ಲ. ಸದಸ್ಯರ ಅಡಿಕೆಯನ್ನು ದಲಾಲಿ ಮೇಲೆ ಮಾರಿಕೊಟ್ಟಾಗ ಮಾಲಿನ ಹಣ ಸದಸ್ಯರದ್ದು, ಸಂಘಕ್ಕೆ ಉಳಿಯುವುದು ದಲಾಲಿ ಮಾತ್ರ. ಸಂಘವೇ ಸ್ವಂತಕ್ಕೆ ಖರೀದಿಸಿ ಮಾರಿದರೆ ಮಾತ್ರ ಅದು ವ್ಯಾಪಾರ ಖಾತೆಗೆ ಬರುತ್ತದೆ. ಈ ಎರಡನ್ನೂ ಬೆರೆಸಿ ಲಾಭದ ಪ್ರಮಾಣ ತೆಗೆದರೆ ಸಂಘ ಶೇ ಅರ್ಧ ಲಾಭಕ್ಕೆ ಒದ್ದಾಡುತ್ತಿದೆ ಎಂದೋ, ಮರುವರ್ಷ ಹತ್ತು ಪಟ್ಟು ಸುಧಾರಿಸಿದೆ ಎಂದೋ ಹಾಸ್ಯಾಸ್ಪದ ತೀರ್ಮಾನ ಬರುತ್ತದೆ. ಲಾಭ-ನಷ್ಟ ಪಟ್ಟಿಯಲ್ಲಿ ದಲಾಲಿ ಆದಾಯ, ಸದಸ್ಯರಿಗೆ ಅಡಿಕೆ ಆಧಾರದ ಮೇಲೆ ಕೊಟ್ಟ ಸಾಲದ ಬಡ್ಡಿ, ಗೋದಾಮು ಬಾಡಿಗೆ, ಈ ಮೂರನ್ನು ಪ್ರತ್ಯೇಕ ಬರೆದುಕೊಳ್ಳಿ. ಮಾರಾಟ ಸಂಘ ಎಂಬ ಹೆಸರಿದ್ದರೂ ಆದಾಯ ನಿಂತಿರುವುದು ಬಡ್ಡಿಯ ಮೇಲೋ ದಲಾಲಿಯ ಮೇಲೋ ಎನ್ನುವುದು ಆಗ ಹೊರಬೀಳುತ್ತದೆ. ಪ್ರಬಂಧದ ‘ಸಂಘಗಳ ಪಾತ್ರ’ ಎಂಬ ಅರ್ಧ ನಿಂತಿರುವುದೇ ಇದರ ಮೇಲೆ. ಆವಕ ಚೀಲದ ಲೆಕ್ಕದಲ್ಲಿದ್ದರೆ ಆ ವರ್ಷ ಚೀಲಕ್ಕೆ ಎಷ್ಟು ಕಿಲೋ ಎಂದು ಕೇಳದೆ ಎಪಿಎಂಸಿಯ ಟನ್ನಿನ ಜೊತೆ ಭಾಗಿಸಬೇಡಿ.

ಸಂಘದವರು ಕೊಡದಿದ್ದರೆ ಮಾಹಿತಿ ಹಕ್ಕು ಇದೆಯಲ್ಲ ಅನ್ನುವವರಿದ್ದಾರೆ. ಅಷ್ಟು ಸರಳವಲ್ಲ. ಸರ್ಕಾರದ ಗಣನೀಯ ಹಣವಿಲ್ಲದ ಸಹಕಾರ ಸಂಘ ಆ ಕಾಯ್ದೆಯಡಿ ಸಾರ್ವಜನಿಕ ಪ್ರಾಧಿಕಾರವಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆದರೆ ಕಾನೂನಿನ ಪ್ರಕಾರ ನಿಬಂಧಕರ ಕೈಗೆ ಬರುವ ಮಾಹಿತಿಯನ್ನು ನಿಬಂಧಕರಿಂದ ಕೇಳಬಹುದು. ಹಾಗಾಗಿ ಅರ್ಜಿ ಸಂಘಕ್ಕಲ್ಲ, ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘20 ವರ್ಷದ ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ವಾಪಸು ಬರುವುದು ಖಚಿತ. ‘ಇಂಥ ಸಂಘದ ಇಂಥ ವರ್ಷಗಳ ಲೆಕ್ಕಪರಿಶೋಧನಾ ವರದಿಯ ಪ್ರತಿ’ ಎಂದು ಕೇಳಿ.

ಈಗ ಪ್ರಬಂಧ, ಲೇಖನಗಳು. ಮೊದಲು ಶೋಧಗಂಗಾ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಪಿಎಚ್‌.ಡಿ. ಪ್ರಬಂಧಗಳ ಭಂಡಾರ. ಅಲ್ಲಿ ಪ್ರಬಂಧ ಅಧ್ಯಾಯವಾರು ಪ್ರತ್ಯೇಕ ಕಡತಗಳಾಗಿರುತ್ತದೆ. ಗ್ರಂಥಋಣದ ಕಡತವನ್ನು ಮೊದಲು ತೆಗೆಯಿರಿ, ಆಮೇಲೆ ಸಂಶೋಧನಾ ವಿಧಾನದ ಅಧ್ಯಾಯ. ಹಿಂದಿನವರು ಯಾವ ಕಚೇರಿಯಿಂದ ಯಾವ ಅಂಕಿ ತಂದರು ಎನ್ನುವುದು ಅಲ್ಲಿ ಬಯಲಾಗಿರುತ್ತದೆ, ನಿಮಗೆ ಮೂರು ತಿಂಗಳ ಅಲೆದಾಟ ಉಳಿಯುತ್ತದೆ. ಹಳೆಯವು ಸ್ಕ್ಯಾನ್ ಮಾಡಿದ ಚಿತ್ರಗಳಾದ್ದರಿಂದ ಒಳಗಿನ ಪದ ಹುಡುಕಿದರೆ ಸಿಗುವುದಿಲ್ಲ, ಶೀರ್ಷಿಕೆಯಿಂದಲೇ ಹಿಡಿಯಬೇಕು. ಕೃಷಿ ಅರ್ಥಶಾಸ್ತ್ರದ ಪ್ರಬಂಧಗಳು ಬಹಳಷ್ಟು ಇರುವುದು ಇಲ್ಲಲ್ಲ, ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಕೃಷಿಕೋಶದಲ್ಲಿ. ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಂಥ ಕಡೆಗಳ ಎಂ.ಎಸ್ಸಿ. ಪ್ರಬಂಧಗಳಲ್ಲಿ ಅಡಿಕೆಯ ಕೃಷಿ ವೆಚ್ಚದ ಲೆಕ್ಕ ವಾಣಿಜ್ಯದವರು ಮಾಡಿದ್ದಕ್ಕಿಂತ ಅಚ್ಚುಕಟ್ಟು. ಇನ್ನೂ ಹಳೆಯ ಸರ್ಕಾರಿ ವರದಿಗಳಿಗೆ ಪುಣೆಯ ಗೋಖಲೆ ಸಂಸ್ಥೆಯ ಡಿಜಿಟಲ್ ಭಂಡಾರ ನೋಡಿ, ಉಚಿತ.

ಜರ್ನಲ್‌ಗಳ ಮಟ್ಟಿಗೆ ನೀವು ಒಳ್ಳೆಯ ಕಾಲಕ್ಕೆ ಬಂದಿದ್ದೀರಿ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು 2025ರ ಜನವರಿಯಿಂದ ಸರ್ಕಾರಿ ಸಂಸ್ಥೆಗಳಿಗೆ ತೆರೆದಿವೆ. ಇದು ಜರ್ನಲ್‌ಗಳಿಗೆ ಮಾತ್ರ, ಕಂಪನಿ ಡೇಟಾಬೇಸ್‌ಗಳಿಗಲ್ಲ. ಆದರೆ ಅಡಿಕೆಯ ಬಗ್ಗೆ ವಿದೇಶಿ ಪ್ರಕಾಶಕರಲ್ಲಿ ಸಿಗುವುದು ಹೆಚ್ಚಾಗಿ ಬಾಯಿ ಕ್ಯಾನ್ಸರಿನ ಲೇಖನಗಳೇ. ಹುಡುಕಾಟಕ್ಕೆ ‘ಬೆಲೆ’, ‘ಮಾರುಕಟ್ಟೆ’ ಎಂಬರ್ಥದ ಇಂಗ್ಲಿಷ್ ಪದ ಸೇರಿಸದಿದ್ದರೆ ಅವುಗಳಲ್ಲೇ ಮುಳುಗಿಹೋಗುತ್ತೀರಿ. ಅರ್ಥಶಾಸ್ತ್ರದ ಸೂಚಿಗಳಲ್ಲಿ ವಿಷಯ ಸಂಕೇತವೂ ಇರುತ್ತದೆ. ಕೃಷಿ ಮಾರುಕಟ್ಟೆ, ಸಹಕಾರ ಸಂಘಗಳೆರಡಕ್ಕೂ ಜೆಇಎಲ್ ಎಂಬ ಆ ವರ್ಗೀಕರಣದಲ್ಲಿ ಸಂಕೇತ ಕ್ಯೂ13. ನಿಮಗೆ ನಿಜಕ್ಕೂ ದಕ್ಕುವುದು ಭಾರತೀಯ ಜರ್ನಲ್‌ಗಳಲ್ಲಿ: 1966ರಿಂದ ಈ ಹೆಸರಿನಲ್ಲಿ ಬರುತ್ತಿರುವ ಇಕನಾಮಿಕ್ ಆಂಡ್ ಪೊಲಿಟಿಕಲ್ ವೀಕ್ಲಿ, ಇಂಡಿಯನ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಇಕನಾಮಿಕ್ಸ್. ಇವುಗಳ ಹಳೆಯ ಸಂಚಿಕೆಗಳು ಗ್ರಂಥಾಲಯದ ಕಪಾಟಿನಲ್ಲೇ ಇರಬಹುದು. ಡ್ಯೂಯಿ ವರ್ಗೀಕರಣವಿರುವ ಗ್ರಂಥಾಲಯವಾದರೆ ಸಹಕಾರಕ್ಕೆ 334, ಕೃಷಿ ಅರ್ಥಶಾಸ್ತ್ರಕ್ಕೆ 338.1 ಸಾಲುಗಳಲ್ಲಿ ನಡೆದಾಡಿ ಬನ್ನಿ.

ನೆಟ್‌ವರ್ಕಿನ ತೊಂದರೆಗೆ ಉಪಾಯವಿದೆ. ಕ್ಯಾಂಪಸ್ಸಿನಲ್ಲಿ ಐಪಿ ವಿಳಾಸದ ಮೇಲೆ ಎಲ್ಲ ತೆರೆದುಕೊಳ್ಳುತ್ತದೆ. ಹೊರಗಿನಿಂದ ಇನ್‌ಫ್ಲಿಬ್‌ನೆಟ್‌ನ ಇನ್‌ಫೆಡ್ ಎಂಬ ಲಾಗಿನ್ ಬೇಕು, ಅದರ ಖಾತೆಗೆ ಗ್ರಂಥಾಲಯದಲ್ಲಿ ಈಗಲೇ ಅರ್ಜಿ ಕೊಡಿ. ವಾರಕ್ಕೊಂದು ದಿನ ಕ್ಯಾಂಪಸ್ಸಿನಲ್ಲಿ ಕೂತು ಬೇಕಾದ್ದನ್ನು ಇಳಿಸಿಕೊಂಡು, ಜೊಟೆರೊದಂಥ ಉಚಿತ ತಂತ್ರಾಂಶದಲ್ಲಿ ಹಾಕಿಕೊಂಡರೆ ಊರಿನಲ್ಲಿ ನೆಟ್ ಇಲ್ಲದೆಯೂ ಓದಬಹುದು. ಹಾಗಂತ ಒಂದೇ ಕೂತಿನಲ್ಲಿ ಇಡೀ ಸಂಪುಟವನ್ನು ಎಳೆಯಬೇಡಿ, ಡೌನ್‌ಲೋಡ್ ಮಾಡುವ ಸಾಧನವನ್ನಂತೂ ಬಳಸಲೇಬೇಡಿ. ಪ್ರಕಾಶಕರ ಸರ್ವರ್ ಅದನ್ನು ಕಳ್ಳತನ ಎಂದೇ ತಿಳಿದು ಇಡೀ ವಿಶ್ವವಿದ್ಯಾಲಯದ ಸಂಪರ್ಕವನ್ನು ತಡೆಹಿಡಿಯುತ್ತದೆ. ಸಿಗದ ಲೇಖನವನ್ನು ಗ್ರಂಥಾಲಯಗಳ ಜಾಲವಾದ ಡೆಲ್‌ನೆಟ್ ಮೂಲಕ ತರಿಸಿಕೊಡಲು ಸಾಧ್ಯವೇ ಎಂದು ಗ್ರಂಥಪಾಲಕರನ್ನು ಕೇಳಿ.

ಅವರ ಬಳಿ ಹೋಗುವಾಗ ‘ಅಡಿಕೆ ಬಗ್ಗೆ ಏನಿದೆ ಸಾರ್’ ಅಂತ ಹೋದರೆ ನಾಲ್ಕು ಕೃಷಿ ಪುಸ್ತಕ ಕೈಗೆ ಬರುತ್ತವೆ. ‘2005ರಿಂದ 2013ರವರೆಗಿನ ದಿನಪತ್ರಿಕೆಗಳ ಬೈಂಡ್ ಸಂಪುಟ, ಅದೇ ವರ್ಷಗಳ ಜಿಲ್ಲಾ ಅಂಕಿ-ಅಂಶಗಳ ನೋಟ, ಇವುಗಳಲ್ಲಿ ಯಾವ ವರ್ಷ ಇಲ್ಲ?’ ಎಂದು ಚೀಟಿ ಬರೆದು ಕೊಡಿ. ಇಲ್ಲದ ವರ್ಷಗಳಿಗೆ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ (ಐಸೆಕ್) ಗ್ರಂಥಾಲಯಕ್ಕೆ ಒಂದು ಪರಿಚಯ ಪತ್ರವನ್ನೂ ಅದೇ ಹೊತ್ತಿಗೆ ಕೇಳಿಬಿಡಿ.

ಇಷ್ಟೆಲ್ಲ ಒಟ್ಟು ಮಾಡಿದ ಮೇಲೂ ಒಂದು ಜಾಗ ಖಾಲಿ ಉಳಿಯುತ್ತದೆ: ಚೇಣಿ. ಫಸಲನ್ನು ಮರದ ಮೇಲಿರುವಾಗಲೇ ಕೊಟ್ಟುಬಿಟ್ಟ ಬೆಳೆಗಾರರಿಗೆ ಮಂಡಿಯ ಧಾರಣೆ ಏರಿದರೂ ಇಳಿದರೂ ಆ ವರ್ಷ ಒಂದೇ. ಅವರ ಅಡಿಕೆ ಯಾರ್ಡಿಗೆ ಬರುವುದು ಚೇಣಿದಾರರ ಹೆಸರಿನಲ್ಲಿ. ಅವರು ಸಂಘದ ಸದಸ್ಯರಾಗಿದ್ದರೂ ಆ ವರ್ಷದ ಮಾಲಿನ ಪುಸ್ತಕದಲ್ಲಿ ಅವರ ಹೆಸರಿರುವುದಿಲ್ಲ. ಇದನ್ನು ಎಣಿಸುವ ಅಗತ್ಯ ಎಪಿಎಂಸಿಗೂ ಇಲ್ಲ, ಇಲಾಖೆಗೂ ಇಲ್ಲ, ಹಾಗಾಗಿ ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ. ನಿಮ್ಮ ಪ್ರಶ್ನಾವಳಿಯ ಮೊದಲ ಪುಟದಲ್ಲೇ ಮೂರು ಪ್ರಶ್ನೆ ಇಡಿ: ಈ ಐದು ವರ್ಷಗಳಲ್ಲಿ ಎಷ್ಟು ವರ್ಷ ಚೇಣಿ ಕೊಟ್ಟಿರಿ, ಯಾವ ತಿಂಗಳಲ್ಲಿ ಮಾತಾಯಿತು, ಮುಂಗಡ ಎಷ್ಟು ಪಾಲು ಬಂತು. ಮಾತಾದ ತಿಂಗಳನ್ನು ತಪ್ಪದೆ ಕೇಳಿ. ಆ ತಿಂಗಳ ರಾಶಿ ಧಾರಣೆಯೂ ಕೊಯ್ಲು ಮುಗಿದು ಮಾಲು ಮಂಡಿಗೆ ಬಂದ ತಿಂಗಳ ಧಾರಣೆಯೂ ಅಷ್ಟು ಹೊತ್ತಿಗೆ ನಿಮ್ಮ ಹಾಳೆಯಲ್ಲಿ ಸಿದ್ಧವಾಗಿರುತ್ತವೆ, ಎರಡರ ವ್ಯತ್ಯಾಸ ತೆಗೆಯುವುದಷ್ಟೇ ಬಾಕಿ.